ಐದು ಸೀಟಿಗೆ 27 ಹೆಸರು: ಐರ್ಲೆಂಡ್ ಯುರೋಪಿಗೆ ಸಂಸದರನ್ನು ಆರಿಸುವ ಬಗೆ

2024ರ ಜೂನ್ 7, ಶುಕ್ರವಾರ. ಐರ್ಲೆಂಡಿನ ಪಶ್ಚಿಮದ ಮೇಯೋ, ಗಾಲ್ವೇ, ಡೊನೆಗಾಲ್ ಕಡೆಯ ಮತದಾರರ ಕೈಗೆ ಬಂದ ಮತಪತ್ರ ಎರಡಡಿಗಿಂತ ಉದ್ದವಿತ್ತು. ಅದರಲ್ಲಿ 27 ಅಭ್ಯರ್ಥಿಗಳು. ಹೆಸರು, ಫೋಟೋ, ಪಕ್ಷದ ಗುರುತು, ಪಕ್ಕದಲ್ಲಿ ಒಂದು ಖಾಲಿ ಚೌಕ. ಗೆಲ್ಲುವವರು ಐದು ಮಂದಿ. ಚೌಕದಲ್ಲಿ ಮುದ್ರೆ ಒತ್ತುವ ಹಾಗಿಲ್ಲ, ಅಂಕಿ ಬರೆಯಬೇಕು. ಇಷ್ಟವಾದವರಿಗೆ 1, ಅವರು ಆಗದಿದ್ದರೆ ಯಾರು ಅಂದರೆ 2, ಆಮೇಲೆ 3. ಬೇಕಾದರೆ 27ರ ತನಕ ಬರೆಯಬಹುದು, ಒಂದಕ್ಕೇ ನಿಲ್ಲಿಸಲೂಬಹುದು.

ಕರ್ನಾಟಕದ ಪದವೀಧರರಿಗೆ ಇದು ಹೊಸದಲ್ಲ. ಅದೇ ವಾರ, ಜೂನ್ 3ರಂದು, ನಮ್ಮಲ್ಲೂ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳಿಗೆ ಮತದಾನ ನಡೆದಿತ್ತು. ನೇರಳೆ ಬಣ್ಣದ ಸ್ಕೆಚ್ ಪೆನ್ನು ಹಿಡಿದು 1, 2, 3 ಬರೆದವರು ಲಕ್ಷಾಂತರ. ಪ್ರಾಶಸ್ತ್ಯ ಮತ ಅಂತ ನಾವು ಕರೆಯುವ ಇದೇ ಪದ್ಧತಿಯಲ್ಲಿ ಐರ್ಲೆಂಡ್ ತನ್ನ ಎಲ್ಲ ಚುನಾವಣೆ ನಡೆಸುತ್ತದೆ. ಊರಿನ ಕೌನ್ಸಿಲ್‌ನಿಂದ ಹಿಡಿದು ಯುರೋಪಿಯನ್ ಪಾರ್ಲಿಮೆಂಟ್ ತನಕ.

ಯುರೋಪಿಯನ್ ಚುನಾವಣೆ ಅಂದರೆ 27 ದೇಶಗಳು ಸೇರಿ ನಡೆಸುವ ಒಂದು ದೊಡ್ಡ ಚುನಾವಣೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಮ್ಮ ಲೋಕಸಭೆ ಚುನಾವಣೆಯ ಹಾಗೆ. ಅದು ಹಾಗಿಲ್ಲ. ಅದು ಒಂದೇ ವಾರದಲ್ಲಿ ನಡೆಯುವ 27 ಬೇರೆ ಬೇರೆ ಚುನಾವಣೆ. ನಿಯಮ ಆಯಾ ದೇಶದ್ದು, ಪಕ್ಷಗಳು ಆಯಾ ದೇಶದ್ದು, ಜಗಳವೂ ಆಯಾ ದೇಶದ್ದೇ. ಆರಿಸಿ ಹೋದವರು ಮಾತ್ರ ಒಂದೇ ಸಭೆಯಲ್ಲಿ ಕೂರುತ್ತಾರೆ. ಐರ್ಲೆಂಡನ್ನು ಹತ್ತಿರದಿಂದ ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಯುರೋಪಿಯನ್ ಒಕ್ಕೂಟ ಹಾಕಿರುವ ಸಾಮಾನ್ಯ ನಿಯಮಗಳು ಕೆಲವೇ. ಚುನಾವಣೆ ಐದು ವರ್ಷಕ್ಕೊಮ್ಮೆ ನಡೆಯಬೇಕು. ಗುರುವಾರದಿಂದ ಭಾನುವಾರದೊಳಗೆ ಮತದಾನ ಮುಗಿಯಬೇಕು. ಸೀಟುಗಳು ಪಡೆದ ಮತದ ಪ್ರಮಾಣಕ್ಕೆ ತಕ್ಕಂತೆ ಹಂಚಿಕೆ ಆಗಬೇಕು, ಅಂದರೆ ನಮ್ಮ ಲೋಕಸಭೆಯಂತೆ 'ಒಂದು ಮತ ಜಾಸ್ತಿ ಬಂದವನೇ ಗೆದ್ದ' ಅನ್ನುವ ಪದ್ಧತಿ ನಡೆಯದು. ಇಷ್ಟು ಹೇಳಿ ಉಳಿದದ್ದನ್ನು ದೇಶಗಳಿಗೆ ಬಿಟ್ಟಿದ್ದಾರೆ.

ಹಾಗಾಗಿ ಗಡಿ ದಾಟಿದರೆ ಚುನಾವಣೆಯ ರೂಪವೇ ಬದಲು. ಫ್ರಾನ್ಸಿನಲ್ಲಿ ಇಡೀ ದೇಶ ಒಂದೇ ಕ್ಷೇತ್ರ. ಪಕ್ಷ ಒಂದು ಪಟ್ಟಿ ಕೊಡುತ್ತದೆ, ಮತದಾರ ಪಟ್ಟಿಗೆ ಮತ ಹಾಕುತ್ತಾನೆ, ಶೇಕಡಾ 5 ಮತ ಸಿಗದ ಪಟ್ಟಿಗೆ ಒಂದು ಸೀಟೂ ಇಲ್ಲ. ಜರ್ಮನಿಯಲ್ಲೂ ಪಟ್ಟಿಯೇ, ಆದರೆ 2024ರಲ್ಲಿ ಕನಿಷ್ಠ ಶೇಕಡಾವಾರು ಮಿತಿ ಇರಲಿಲ್ಲ. ರಾಜಕೀಯವನ್ನು ಗೇಲಿ ಮಾಡಲೆಂದೇ ಹುಟ್ಟಿದ 'ಡೀ ಪಾರ್ಟೈ' ಅನ್ನುವ ಪಕ್ಷ ಶೇಕಡಾ 2ಕ್ಕಿಂತ ಕಡಿಮೆ ಮತ ತೆಗೆದುಕೊಂಡೂ ಎರಡು ಸೀಟು ಗೆದ್ದಿತು. ಬೆಲ್ಜಿಯಂ, ಆಸ್ಟ್ರಿಯಾ, ಜರ್ಮನಿ, ಮಾಲ್ಟಾದಲ್ಲಿ 16 ತುಂಬಿದವರೂ ಮತ ಹಾಕಿದರು. ಪಟ್ಟಿ ಬಿಟ್ಟು, ವ್ಯಕ್ತಿಗಳ ಹೆಸರಿನ ಮುಂದೆ 1, 2, 3 ಬರೆಯುವ ಪ್ರಾಶಸ್ತ್ಯ ಮತ ಇರುವುದು ಎರಡೇ ದೇಶದಲ್ಲಿ: ಐರ್ಲೆಂಡ್ ಮತ್ತು ಮಾಲ್ಟಾ.

ಇನ್ನು ಸೀಟಿನ ಲೆಕ್ಕ. 2024ರಲ್ಲಿ ಒಟ್ಟು 720 ಸೀಟು. ಯಾವ ದೇಶಕ್ಕೂ 6ಕ್ಕಿಂತ ಕಡಿಮೆ ಇಲ್ಲ, 96ಕ್ಕಿಂತ ಜಾಸ್ತಿ ಇಲ್ಲ. ದೊಡ್ಡ ದೇಶಕ್ಕೆ ಸೀಟು ಜಾಸ್ತಿ, ಆದರೆ ಜನಸಂಖ್ಯೆಯಷ್ಟೇ ಪ್ರಮಾಣದಲ್ಲಿ ಅಲ್ಲ. ಜರ್ಮನಿಯಲ್ಲಿ ಒಬ್ಬ ಸಂಸದನಿಗೆ ಸುಮಾರು ಎಂಟೂವರೆ ಲಕ್ಷದಷ್ಟು ಜನ ಬರುತ್ತಾರೆ. ಮಾಲ್ಟಾದಲ್ಲಿ ಒಂದು ಲಕ್ಷವೂ ಬರುವುದಿಲ್ಲ. ಐರ್ಲೆಂಡಿನಲ್ಲಿ ನಾಲ್ಕು ಲಕ್ಷದ ಒಳಗೆ. ಜನಸಂಖ್ಯೆಯೊಂದನ್ನೇ ಹಿಡಿದರೆ ಸಣ್ಣವರ ದನಿ ಕೇಳುವುದೇ ಇಲ್ಲ ಅನ್ನುವ ವಾದ ಅಲ್ಲಿ ಒಪ್ಪಂದದಲ್ಲೇ ಬರೆದಿಟ್ಟ ನಿಯಮವಾಗಿದೆ. ಲೋಕಸಭೆ ಕ್ಷೇತ್ರ ಮರುವಿಂಗಡಣೆಯ ಬಗ್ಗೆ ದಕ್ಷಿಣದ ರಾಜ್ಯಗಳಲ್ಲಿ ಈಗ ನಡೆದಿರುವ ಚರ್ಚೆ ಗೊತ್ತಿರುವವರಿಗೆ ಇದು ಸುಮ್ನೆ ಅಂಕಿಸಂಖ್ಯೆ ಅನ್ನಿಸಲಾರದು.

ನೇರ ಚುನಾವಣೆ ಶುರುವಾದ 1979ರಲ್ಲಿ ಐರ್ಲೆಂಡಿಗೆ 15 ಸೀಟು ಇತ್ತು. ಒಕ್ಕೂಟಕ್ಕೆ ಹೊಸ ದೇಶಗಳು ಸೇರಿದಂತೆಲ್ಲ ಅದು ಇಳಿಯುತ್ತಾ 2014ಕ್ಕೆ 11 ಆಯಿತು. 2019ರಲ್ಲಿ ಒಂದು ವಿಚಿತ್ರ ಪರಿಸ್ಥಿತಿ. ಬ್ರಿಟನ್ ಒಕ್ಕೂಟ ಬಿಟ್ಟು ಹೋಗುತ್ತದೆ ಅಂತ ತೀರ್ಮಾನ ಆಗಿತ್ತು, ಅದರ ಸೀಟುಗಳಲ್ಲಿ ಎರಡನ್ನು ಐರ್ಲೆಂಡಿಗೆ ಕೊಡುವುದೂ ತೀರ್ಮಾನ ಆಗಿತ್ತು. ಆದರೆ ಬ್ರಿಟನ್ ಇನ್ನೂ ಹೋಗಿರಲೇ ಇಲ್ಲ. ಏನು ಮಾಡುವುದು? 13 ಜನರನ್ನು ಆರಿಸಿದರು, 11 ಜನರನ್ನು ಕಳಿಸಿದರು. ಡಬ್ಲಿನ್ ಮತ್ತು ದಕ್ಷಿಣ ಕ್ಷೇತ್ರಗಳಲ್ಲಿ ಕೊನೆಯದಾಗಿ ಗೆದ್ದ ಬ್ಯಾರಿ ಆಂಡ್ರ್ಯೂಸ್ ಮತ್ತು ಡೀರ್ಡ್ರ ಕ್ಲೂನ್ ಮನೆಯಲ್ಲಿ ಕಾಯಬೇಕಾಯಿತು. ಅವರು ಶೀತಲೀಕರಣದಲ್ಲಿದ್ದಾರೆ ಅಂತ ಪತ್ರಿಕೆಗಳು ತಮಾಷೆ ಮಾಡಿದವು. 2020ರ ಜನವರಿ 31ಕ್ಕೆ ಬ್ರಿಟನ್ ಹೊರನಡೆದ ಮೇಲೆಯೇ ಅವರಿಗೆ ಕುರ್ಚಿ ಸಿಕ್ಕಿದ್ದು. ಗೆದ್ದರೆ ಸಾಲದು, ಎಷ್ಟನೆಯವರಾಗಿ ಗೆದ್ದಿರಿ ಅನ್ನುವುದೂ ಲೆಕ್ಕಕ್ಕೆ ಬಂದ ಅಪರೂಪದ ಚುನಾವಣೆ ಅದು.

2024ಕ್ಕೆ ಸೀಟು 14 ಆಯಿತು. ಕ್ಷೇತ್ರ ಮೂರು. ಡಬ್ಲಿನ್‌ಗೆ 4, ದಕ್ಷಿಣಕ್ಕೆ 5, ಮಿಡ್‌ಲ್ಯಾಂಡ್ಸ್ ವಾಯವ್ಯ ಅನ್ನುವ ದೊಡ್ಡ ಕ್ಷೇತ್ರಕ್ಕೆ 5. ಈ ಕೊನೆಯದರಲ್ಲಿ ದೇಶದ 26 ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ಪೈಕಿ 15 ಸೇರಿವೆ. ಎರಡಡಿ ಮತಪತ್ರ ಇಲ್ಲಿಯದೇ.

ಈಗ ಎಣಿಕೆಗೆ ಬರೋಣ. ಎಲ್ಲರಿಗೂ ತಲೆ ತಿರುಗುವುದು ಇಲ್ಲೇ, ಆದರೆ ನಿಧಾನವಾಗಿ ಹೋದರೆ ಕಷ್ಟವಿಲ್ಲ.

ಐದು ಸೀಟಿನ ಒಂದು ಕ್ಷೇತ್ರದಲ್ಲಿ 6 ಲಕ್ಷ ಸಿಂಧು ಮತ ಬಿದ್ದಿವೆ ಅಂತ ಇಟ್ಟುಕೊಳ್ಳಿ. ಗೆಲ್ಲಲು ಎಷ್ಟು ಬೇಕು? ಸೀಟಿನ ಸಂಖ್ಯೆಗೆ ಒಂದು ಕೂಡಿಸಿ, ಅಂದರೆ ಆರರಿಂದ, 6 ಲಕ್ಷವನ್ನು ಭಾಗಿಸಿ, ಬಂದದ್ದಕ್ಕೆ ಒಂದು ಸೇರಿಸಿ. 1,00,001. ಇದು ಕೋಟಾ. ಐದರ ಬದಲು ಆರರಿಂದ ಯಾಕೆ ಭಾಗಿಸುವುದು? ಐದು ಜನ ತಲಾ 1,00,001 ಪಡೆದರೆ ಉಳಿಯುವುದು 99,995 ಮಾತ್ರ. ಆರನೆಯವನು ಎಷ್ಟು ಒದ್ದಾಡಿದರೂ ಅಷ್ಟು ಮುಟ್ಟಲಾರ. ಅಂದರೆ ಐದು ಜನರನ್ನಷ್ಟೇ ಗೆಲ್ಲಿಸುವ ಅತಿ ಚಿಕ್ಕ ಸಂಖ್ಯೆ ಅದು.

ಮೊದಲ ಸುತ್ತಿನಲ್ಲಿ 1 ಅಂತ ಬರೆದದ್ದನ್ನು ಮಾತ್ರ ಎಣಿಸುತ್ತಾರೆ. ಒಬ್ಬರಿಗೆ 1,10,001 ಬಂತು ಅನ್ನಿ. ಗೆದ್ದರು. ಆದರೆ ಅವರಿಗೆ ಬೇಕಿದ್ದಕ್ಕಿಂತ 10,000 ಜಾಸ್ತಿ ಇದೆ. ತುಂಬಿದ ಕೊಡದಿಂದ ಹೊರಚೆಲ್ಲುವ ನೀರಿನ ಹಾಗೆ ಈ ಹೆಚ್ಚುವರಿ ಮತವನ್ನು ವ್ಯರ್ಥ ಮಾಡುವುದಿಲ್ಲ, ಪಕ್ಕದ ಕೊಡಕ್ಕೆ ತಿರುಗಿಸುತ್ತಾರೆ. ಯಾವ ಕೊಡಕ್ಕೆ? ಅವರ ಎಲ್ಲ ಮತಪತ್ರಗಳಲ್ಲಿ 2 ಯಾರಿಗೆ ಬಿದ್ದಿದೆ ಅಂತ ನೋಡುತ್ತಾರೆ. ಶೇಕಡಾ 60 ಒಬ್ಬರಿಗಿದ್ದರೆ ಹತ್ತು ಸಾವಿರದಲ್ಲಿ ಆರು ಸಾವಿರ ಅವರಿಗೆ. ಉಳಿದದ್ದು ಬೇರೆಯವರಿಗೆ, ಅವರವರ ಪ್ರಮಾಣದಲ್ಲಿ.

ಯಾರಿಗೂ ಹೆಚ್ಚುವರಿ ಇಲ್ಲದಿದ್ದರೆ? ಆಗ ಕೆಳಗಿನಿಂದ ಶುರು. ಎಲ್ಲರಿಗಿಂತ ಕಡಿಮೆ ಮತ ಬಂದವರನ್ನು ಕಣದಿಂದ ತೆಗೆಯುತ್ತಾರೆ. ಅವರ ಮತಪತ್ರಗಳನ್ನು ಒಂದೊಂದಾಗಿ ನೋಡಿ ಮುಂದಿನ ಪ್ರಾಶಸ್ತ್ಯ ಯಾರಿಗಿದೆಯೋ ಅವರಿಗೆ ಹಾಕುತ್ತಾರೆ. ಮುಂದಿನ ಸುತ್ತು, ಮತ್ತೆ ಕೊನೆಯವರು ಹೊರಗೆ. ಹೀಗೆ ಐದು ಸೀಟು ತುಂಬುವ ತನಕ. 2024ರಲ್ಲಿ ಇದು ಇಪ್ಪತ್ತರ ಆಸುಪಾಸು ಸುತ್ತು ನಡೆಯಿತು. ದಕ್ಷಿಣ ಕ್ಷೇತ್ರದಲ್ಲಿ ಶಾನ್ ಕೆಲಿ 1.22 ಲಕ್ಷಕ್ಕೂ ಜಾಸ್ತಿ ಮೊದಲ ಪ್ರಾಶಸ್ತ್ಯ ಪಡೆದು ಮೊದಲ ಸುತ್ತಿನಲ್ಲೇ ಗೆದ್ದರು. ಮಿಡ್‌ಲ್ಯಾಂಡ್ಸ್ ವಾಯವ್ಯದಲ್ಲಿ ಮೊದಲ ಸುತ್ತಿಗೆ ಯಾರೂ ಕೋಟಾದ ಹತ್ತಿರವೂ ಬರಲಿಲ್ಲ. ಎಷ್ಟೋ ಜನ ಮೂರೋ ನಾಲ್ಕೋ ಅಂಕಿ ಬರೆದು ನಿಲ್ಲಿಸುವುದರಿಂದ ಕೊನೆಗೆ ಬರುವಷ್ಟರಲ್ಲಿ ಸಾವಿರಾರು ಮತಪತ್ರಗಳಿಗೆ ಮುಂದೆ ಹೋಗಲು ಹೆಸರೇ ಇರುವುದಿಲ್ಲ. ಅದಕ್ಕೇ ಕೊನೆಯ ಒಂದೆರಡು ಸೀಟು ಕೋಟಾ ಮುಟ್ಟದೆಯೇ ತುಂಬುವುದು ಅಲ್ಲಿ ಮಾಮೂಲು.

ನಮ್ಮ ರಾಜ್ಯಸಭೆಗೂ ಇದೇ ಪದ್ಧತಿ, ದೊಡ್ಡ ವ್ಯತ್ಯಾಸ ಅಂದರೆ ಅಲ್ಲಿ ಮತದಾರರು ಶಾಸಕರು. 2022ರ ಜೂನ್‌ನಲ್ಲಿ ಕರ್ನಾಟಕದಿಂದ ನಾಲ್ಕು ಸೀಟಿಗೆ ಆರು ಜನ ನಿಂತಿದ್ದರು. ನಾಲ್ಕನೇ ಸೀಟಿಗೆ ಯಾರ ಬಳಿಯೂ ಮೊದಲ ಪ್ರಾಶಸ್ತ್ಯದ ಮತಗಳು ಸಾಲುವಷ್ಟು ಇರಲಿಲ್ಲ. ಬಿಜೆಪಿಯ ಲೆಹರ್ ಸಿಂಗ್ ದಾಟಿಕೊಂಡದ್ದು ಎರಡನೇ ಪ್ರಾಶಸ್ತ್ಯದ ಬಲದಿಂದ. ಅವತ್ತು ಟಿವಿ ಮುಂದೆ ಕೂತು ಲೆಕ್ಕ ಹಾಕಿದವರಿಗೆ ಐರ್ಲೆಂಡಿನ ಎಣಿಕೆ ಅರ್ಧ ಅರ್ಥವಾದ ಹಾಗೆಯೇ.

ಇನ್ನರ್ಧದಲ್ಲಿ ಒಂದು ಸೂಕ್ಷ್ಮ ಇದೆ. ಆ 10,000 ಹೆಚ್ಚುವರಿ ಮತ ಅಂದರೆ ಯಾವ 10,000 ಕಾಗದ? ರಾಜ್ಯಸಭೆಯಲ್ಲಿ ಒಂದೊಂದು ಮತಕ್ಕೂ 100 ಅಂತ ಬೆಲೆ ಕಟ್ಟಿ, ಎಲ್ಲ ಮತಪತ್ರದಿಂದಲೂ ಸ್ವಲ್ಪ ಸ್ವಲ್ಪ ಬೆಲೆಯನ್ನು ಮುಂದಕ್ಕೆ ಕಳಿಸುತ್ತಾರೆ. ಶಾಸಕರು 224 ಜನ, ಲೆಕ್ಕ ಸುಲಭ. ಐರ್ಲೆಂಡಿನಲ್ಲಿ ಲಕ್ಷಗಟ್ಟಲೆ ಕಾಗದ. ಅಲ್ಲಿ ಕಾಗದವೇ ಎದ್ದು ಹೋಗುತ್ತದೆ. ಒಬ್ಬರಿಗೆ ಆರು ಸಾವಿರ ಸಲ್ಲಬೇಕಾದರೆ ಆ ಕಟ್ಟಿನ ಮೇಲಿನಿಂದ ಆರು ಸಾವಿರ ಮತಪತ್ರ ತೆಗೆದು ಅವರ ಕಟ್ಟಿಗೆ ಸೇರಿಸುತ್ತಾರೆ. ಆ ಆರು ಸಾವಿರದಲ್ಲಿ 3 ಅಂತ ಯಾರಿಗೆ ಬರೆದಿದೆ ಅನ್ನುವುದು ಅದೃಷ್ಟ. ಎಣಿಕೆಗೆ ಮುಂಚೆ ಮತಪತ್ರಗಳನ್ನು ಚೆನ್ನಾಗಿ ಬೆರೆಸುವುದು ಇದಕ್ಕೇ. ಅಂತರ ತೀರಾ ಕಡಿಮೆ ಇದ್ದಾಗ ಮರು ಎಣಿಕೆಯಲ್ಲೂ ಅದೇ ಕಾಗದ ಅದೇ ಕಟ್ಟಿಗೆ ಹೋಗಬೇಕು, ಮತ್ತೆ ಬೆರೆಸುವ ಹಾಗಿಲ್ಲ. ಇಷ್ಟು ದೊಡ್ಡ ಚುನಾವಣೆಯಲ್ಲಿ ಕಟ್ಟಿನ ಮೇಲಿದ್ದ ಕಾಗದಕ್ಕೆ ಇಷ್ಟು ಮಹತ್ವ ಕೊಡುವುದು ನನಗೇನೋ ಅಷ್ಟು ಸರಿ ಕಾಣುವುದಿಲ್ಲ. ಐರಿಶ್ ಜನ ಮಾತ್ರ ಈ ಪದ್ಧತಿಯನ್ನು ಬಿಟ್ಟುಕೊಡಲು ತಯಾರಿಲ್ಲ. ಇದನ್ನು ತೆಗೆದುಹಾಕೋಣ ಅಂತ 1959ರಲ್ಲೂ 1968ರಲ್ಲೂ ಸರ್ಕಾರಗಳು ಜನಮತ ಕೇಳಿದವು. ಎರಡು ಸಲವೂ ಬೇಡ ಅಂದರು.

ಈ ಪದ್ಧತಿ ರಾಜಕಾರಣಿಗಳ ನಡವಳಿಕೆಯನ್ನೂ ಬದಲಿಸುತ್ತದೆ. ಲೋಕಸಭೆ ಮಾದರಿಯಲ್ಲಿ ಎದುರಾಳಿಯ ಬೆಂಬಲಿಗರನ್ನು ಬೈದು ಓಡಿಸಿದರೂ ನಷ್ಟವಿಲ್ಲ, ಅವರು ಹೇಗೂ ನಿಮಗೆ ಮತ ಹಾಕುವವರಲ್ಲ. ಐರ್ಲೆಂಡಿನಲ್ಲಿ ಅದು ದುಬಾರಿ. ಪಕ್ಕದ ಪಕ್ಷದವರ ಮನೆ ಬಾಗಿಲಿಗೂ ಹೋಗಿ, 'ನಿಮ್ಮ 1 ನಿಮ್ಮವರಿಗೇ ಇರಲಿ, 2 ಅಥವಾ 3 ನನಗೆ ಕೊಡಿ' ಅಂತ ಕೇಳುವುದು ಅಲ್ಲಿಯ ಪ್ರಚಾರದ ದಿನನಿತ್ಯದ ಕೆಲಸ. ಕಟ್ಟಾ ಅಭಿಮಾನಿಗಳು ಬೇಕು, ನಿಜ. ಅದಕ್ಕಿಂತ ಜಾಸ್ತಿ ಬೇಕಾದದ್ದು ನಿಮ್ಮನ್ನು ಕಂಡರೆ ಸಿಟ್ಟು ಬರದ ಜನ. ಮೊದಲ ಸುತ್ತಿನಲ್ಲಿ ಮುಂದಿದ್ದು, ಯಾರ ಎರಡನೇ ಪ್ರಾಶಸ್ತ್ಯವೂ ಸಿಗದೆ ಹಿಂದೆ ಬಿದ್ದು ಸೋತವರು ಅಲ್ಲಿ ಪ್ರತಿ ಚುನಾವಣೆಯಲ್ಲೂ ಸಿಗುತ್ತಾರೆ.

ಪಕ್ಷಕ್ಕೆ ಇನ್ನೊಂದು ತಲೆನೋವು: ಎಷ್ಟು ಜನರನ್ನು ನಿಲ್ಲಿಸಬೇಕು? ಜಾಸ್ತಿ ನಿಲ್ಲಿಸಿದರೆ ಮತ ಹಂಚಿಹೋಗಿ ತಮ್ಮವರೇ ಬೇಗ ಹೊರಬೀಳಬಹುದು. ಕಡಿಮೆ ನಿಲ್ಲಿಸಿದರೆ ಸಿಗಬಹುದಾಗಿದ್ದ ಸೀಟು ಕೈತಪ್ಪಬಹುದು. 2024ರಲ್ಲಿ ಮಿಡ್‌ಲ್ಯಾಂಡ್ಸ್ ವಾಯವ್ಯದಲ್ಲಿ ಇದರ ಪಾಠ ಸಿಕ್ಕಿತು. ಫೀನಾ ಫಾಲ್ ಪಕ್ಷ ಮೂವರನ್ನು ನಿಲ್ಲಿಸಿತು, ಗೆದ್ದವರು ಬ್ಯಾರಿ ಕೋವೆನ್ ಒಬ್ಬರೇ. ಶಿನ್ ಫೇನ್ ಇಬ್ಬರನ್ನು ನಿಲ್ಲಿಸಿತು, ಹಾಲಿ ಸಂಸದರೂ ಸೇರಿ ಇಬ್ಬರೂ ಸೋತರು. ಫಿನಾ ಗೇಲ್ ಇಬ್ಬರನ್ನು ನಿಲ್ಲಿಸಿತು, ಇಬ್ಬರೂ ಗೆದ್ದರು. ಆ ಇಬ್ಬರು ಯಾರು ಅಂತ ಕೇಳಿದರೆ ನಗು ಬರಬಹುದು. ನೀನಾ ಕಾರ್ಬರಿ ಕುದುರೆ ರೇಸಿನ ಹೆಸರಾಂತ ಜಾಕಿ ಆಗಿದ್ದವರು. ಮರಿಯಾ ವಾಲ್ಶ್ 2014ರಲ್ಲಿ 'ರೋಸ್ ಆಫ್ ಟ್ರಲೀ' ಅನ್ನುವ ಬಹಳ ಜನಪ್ರಿಯ ಸ್ಪರ್ಧೆ ಗೆದ್ದವರು. ಶಾನ್ ಕೆಲಿ ದೇಶೀ ಕ್ರೀಡೆಗಳ ಸಂಘಟನೆಯಾದ ಜಿಎಎಯ ಅಧ್ಯಕ್ಷರಾಗಿದ್ದವರು. ದಕ್ಷಿಣದಲ್ಲಿ ಗೆದ್ದ ಸಿಂಥಿಯಾ ನೀ ವುರಹೂ 1994ರ ಯೂರೋವಿಷನ್ ಹಾಡಿನ ಸ್ಪರ್ಧೆಯ ನಿರೂಪಕಿ. ಇದು ಸಿನಿಮಾ ತಾರೆಯರನ್ನು ಚುನಾವಣೆಗೆ ಇಳಿಸುವ ನಮ್ಮ ಚಾಳಿಯೇ ಅನ್ನಿಸಬಹುದು. ಆದರೆ ಕಾರಣ ಬೇರೆ. 15 ಕೌಂಟಿಯಷ್ಟು ದೊಡ್ಡ ಕ್ಷೇತ್ರ, ಉದ್ದನೆಯ ಮತಪತ್ರ, ಪಟ್ಟಿಯ ಬದಲು ವ್ಯಕ್ತಿಗಳಿಗೆ ಮತ. ಅಲ್ಲಿ ಬೇರೆ ಪಕ್ಷದವರೂ ಗುರುತಿಸುವ ಮುಖಕ್ಕೆ 3, 4 ಬೀಳುವುದು ಸುಲಭ.

ಪಕ್ಷೇತರರಿಗೂ ಇದೇ ದಾರಿ. ಪಟ್ಟಿ ಪದ್ಧತಿಯ ದೇಶದಲ್ಲಿ ಒಬ್ಬಂಟಿ ಮನುಷ್ಯ ಯುರೋಪಿಯನ್ ಪಾರ್ಲಿಮೆಂಟಿಗೆ ಹೋಗುವುದು ಬಹಳ ಕಷ್ಟ. ಐರ್ಲೆಂಡಿನಿಂದ 14ರಲ್ಲಿ ಇಬ್ಬರು ಪಕ್ಷೇತರರು ಹೋದರು, ಲ್ಯೂಕ್ 'ಮಿಂಗ್' ಫ್ಲಾನಗನ್ ಮತ್ತು ಮೈಕಲ್ ಮೆಕ್‌ನಮಾರ. ಉಳಿದಂತೆ ಫಿನಾ ಗೇಲ್ 4, ಫೀನಾ ಫಾಲ್ 4, ಶಿನ್ ಫೇನ್ 2, ಲೇಬರ್ 1, ಇಂಡಿಪೆಂಡೆಂಟ್ ಐರ್ಲೆಂಡ್ ಅನ್ನುವ ಹೊಸ ಪಕ್ಷ 1.

ಎಣಿಕೆ ಕೇಂದ್ರದ ಒಳಗೆ ಒಮ್ಮೆ ಹೋಗಿ ಬರೋಣ. ಮತದಾನ ಶುಕ್ರವಾರವೇ ಮುಗಿದರೂ ಯುರೋಪಿನ ಕೊನೆಯ ಮತಗಟ್ಟೆ ಮುಚ್ಚುವ ಭಾನುವಾರ ರಾತ್ರಿಯ ತನಕ ಫಲಿತಾಂಶ ಹೇಳುವಂತಿಲ್ಲ. ಹೇಳುವಂತಿಲ್ಲ ಅಷ್ಟೆ, ಗೊತ್ತಾಗುವುದಿಲ್ಲ ಅಂತ ಅಲ್ಲ. ಪೆಟ್ಟಿಗೆ ಒಡೆದು, ಮಡಿಸಿದ ಮತಪತ್ರಗಳನ್ನು ಸಿಬ್ಬಂದಿ ಮುಖ ಮೇಲೆ ಮಾಡಿ ಬಿಡಿಸುವ ಹೊತ್ತಿಗೆ, ಕಟಕಟೆಯ ಈಚೆ ಬದಿಯಲ್ಲಿ ಎಲ್ಲ ಪಕ್ಷದ ಕಾರ್ಯಕರ್ತರು ಒತ್ತೊತ್ತಾಗಿ ನಿಂತಿರುತ್ತಾರೆ. ಕೈಯಲ್ಲಿ ಒಂದು ಹಲಗೆ, ಕಾಗದ, ಪೆನ್ಸಿಲ್. ಬಿಚ್ಚಿದ ಒಂದೊಂದು ಮತಪತ್ರದಲ್ಲೂ 1 ಯಾರಿಗೆ ಅಂತ ಇಣುಕಿ ನೋಡಿ ಗೀಟು ಎಳೆಯುತ್ತಾ ಹೋಗುತ್ತಾರೆ. ಇವರಿಗೆ ಟ್ಯಾಲಿಮೆನ್ ಅನ್ನುತ್ತಾರೆ. ಹೊರಗೆ ಬದ್ಧವೈರಿಗಳಾದ ಪಕ್ಷಗಳು ಇಲ್ಲಿ ಕೆಲಸ ಹಂಚಿಕೊಳ್ಳುತ್ತವೆ: ಈ ಪೆಟ್ಟಿಗೆ ನೀವು ನೋಡಿ, ಆ ಪೆಟ್ಟಿಗೆ ನಾವು ನೋಡುತ್ತೇವೆ. ಆಮೇಲೆ ಲೆಕ್ಕ ಕೂಡಿಸಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಯಾವ ಊರಿನ ಯಾವ ಪೆಟ್ಟಿಗೆಯಲ್ಲಿ ಎಷ್ಟು ಬಿತ್ತು ಅನ್ನುವುದು ಇವರಿಗೆ ಸಿಗುತ್ತದೆ. ಅಧಿಕೃತ ಫಲಿತಾಂಶ ಬರುವ ಎಷ್ಟೋ ಗಂಟೆ ಮೊದಲೇ ರೇಡಿಯೋದಲ್ಲಿ ಚರ್ಚೆ ನಡೆಯುವುದು ಈ ಗೀಟುಗಳ ಮೇಲೆಯೇ.

ಆಮೇಲೆ ನಿಜವಾದ ಎಣಿಕೆ. ಮೇಯೋ ಕೌಂಟಿಯ ಕ್ಯಾಸಲ್‌ಬಾರ್ ಊರಿನ ಸಭಾಂಗಣದಲ್ಲಿ ಅಷ್ಟುದ್ದದ ಮತಪತ್ರಗಳನ್ನು ಒಬ್ಬೊಬ್ಬ ಅಭ್ಯರ್ಥಿಯ ಗೂಡಿಗೆ ಹಾಕುವುದು, ತೆಗೆಯುವುದು, ಕಟ್ಟು ಕಟ್ಟುವುದು, ಮತ್ತೆ ಬಿಚ್ಚುವುದು. ಅನುಮಾನ ಬಂದ ಮತಪತ್ರಗಳನ್ನು ಬೇರೆ ಇಟ್ಟು ಅಭ್ಯರ್ಥಿಗಳ ಏಜೆಂಟರ ಎದುರೇ ತೀರ್ಮಾನ ಮಾಡುತ್ತಾರೆ. ಇಂಥ ಅನುಮಾನ ನಮ್ಮ ಪದವೀಧರ ಕ್ಷೇತ್ರಗಳಲ್ಲೂ ಕಡಿಮೆ ಇಲ್ಲ. ಪದವಿ ಪಡೆದವರೇ ಅಂಕಿಯ ಬದಲು ಟಿಕ್ ಹಾಕಿ ಸಾವಿರಾರು ಮತ ತಿರಸ್ಕಾರ ಆಗುವುದು ಪ್ರತಿ ಸಲದ ಕತೆ. ಭಾನುವಾರ ಶುರುವಾದ ಕ್ಯಾಸಲ್‌ಬಾರ್ ಎಣಿಕೆ ಮುಗಿಯಲು ಹೆಚ್ಚುಕಡಿಮೆ ವಾರವೇ ಹಿಡಿಯಿತು.

2019ರಲ್ಲಿ ದಕ್ಷಿಣ ಕ್ಷೇತ್ರದಲ್ಲಿ ಇನ್ನೂ ಎಳೆಯಿತು. ಶಿನ್ ಫೇನ್‌ನ ಲಿಯಾ ನೀ ರಿಯಾಡಾ ಮತ್ತು ಗ್ರೀನ್ ಪಕ್ಷದ ಗ್ರೇಸ್ ಒಸಲಿವನ್ ನಡುವೆ ಏಳು ಲಕ್ಷಕ್ಕೂ ಜಾಸ್ತಿ ಮತಗಳಲ್ಲಿ ಅಂತರ ಬರೀ 327. ಪೂರ್ತಿ ಮರು ಎಣಿಕೆ ಕೇಳಿದರು, ಅಧಿಕಾರಿ ಒಪ್ಪಿದರು. ಎಷ್ಟು ದಿನ ಬೇಕು ಅಂದರೆ 28 ದಿನ ಆದರೂ ಆಗಬಹುದು ಅನ್ನುವ ಅಂದಾಜು ಬಂತು. ಶುರುವಾದ ಮೇಲೆ, ಅಂತರ ಬದಲಾಗುವ ಲಕ್ಷಣ ಕಾಣದೆ ಶಿನ್ ಫೇನ್ ತಾನೇ ಹಿಂದೆ ಸರಿಯಿತು.

ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಾಗುವ ಮತಯಂತ್ರ ಬಳಸಿ ಇಷ್ಟು ದೊಡ್ಡ ದೇಶದ ಎಣಿಕೆ ಒಂದೇ ದಿನದಲ್ಲಿ ಮುಗಿಸುವ ನಮಗೆ ಇದೇನಪ್ಪಾ ಅನ್ನಿಸುತ್ತದೆ, ಅಲ್ವಾ? ಐರ್ಲೆಂಡ್ ಯಂತ್ರದ ದಾರಿಯನ್ನೂ ಹಿಡಿದಿತ್ತು. 2002ರಲ್ಲಿ ದೇಶದ ಸಂಸತ್ತಿನ ಮೂರು ಕ್ಷೇತ್ರಗಳಲ್ಲಿ ಪ್ರಯೋಗ ಮಾಡಿದರು. ಅಲ್ಲಿ ಮಾಜಿ ಸಚಿವೆ ನೋರಾ ಓವೆನ್ ವೇದಿಕೆಯ ಮೇಲೆ ನಿಂತಿದ್ದಾಗಲೇ ಎಲ್ಲ ಸುತ್ತಿನ ಫಲಿತಾಂಶ ಒಟ್ಟಿಗೆ ಓದಿದರು. ಸುತ್ತಿನಿಂದ ಸುತ್ತಿಗೆ ಸುಳಿವು ಸಿಕ್ಕಿ ಮನಸ್ಸು ಗಟ್ಟಿ ಮಾಡಿಕೊಳ್ಳಲು ಅವಕಾಶವೇ ಇಲ್ಲದೆ, ಟಿವಿ ಕ್ಯಾಮೆರಾಗಳ ಎದುರು ಅವರಿಗೆ ತಮ್ಮ ಸೋಲು ಗೊತ್ತಾಯಿತು. ಜನರಿಗೆ ಅದು ನಿರ್ದಯ ಅನ್ನಿಸಿತು. ಆದರೆ ಯಂತ್ರ ಸತ್ತದ್ದು ಬೇರೆ ಕಾರಣಕ್ಕೆ: ಮತ ಸರಿಯಾಗಿ ದಾಖಲಾಯಿತು ಅಂತ ಖಾತ್ರಿ ಮಾಡಿಕೊಳ್ಳಲು ಕಾಗದದ ದಾಖಲೆ ಇರಲಿಲ್ಲ. 2004ರಲ್ಲಿ ಇದಕ್ಕಾಗಿ ನೇಮಿಸಿದ ಆಯೋಗ ಇದನ್ನು ಬಳಸಿ ಅಂತ ಶಿಫಾರಸು ಮಾಡಲು ಒಪ್ಪಲಿಲ್ಲ. ಅಷ್ಟರಲ್ಲಿ ಸುಮಾರು 7,500 ಯಂತ್ರ ಕೊಂಡಾಗಿತ್ತು. ಕೊಂಡು ಗೋದಾಮಿನಲ್ಲಿ ಇಟ್ಟದ್ದಕ್ಕೆ ಒಟ್ಟು 5 ಕೋಟಿ ಯೂರೋಗೂ ಜಾಸ್ತಿ ಖರ್ಚು. 2012ರಲ್ಲಿ ಎಲ್ಲವನ್ನೂ ಗುಜರಿಗೆ ಹಾಕಿದಾಗ ಬಂದದ್ದು ಸುಮಾರು 70 ಸಾವಿರ ಯೂರೋ.

ಇಷ್ಟೆಲ್ಲ ಮಾಡಿ ಆರಿಸುವಾಗ ಜನರ ತಲೆಯಲ್ಲಿ ಇರುವುದು ಯುರೋಪಾ? ಹೆಚ್ಚಾಗಿ ಅಲ್ಲ. ಅದೇ ದಿನ ಊರಿನ ಕೌನ್ಸಿಲ್‌ಗಳಿಗೂ ಚುನಾವಣೆ ಇತ್ತು. ಮನೆ ಬಾಡಿಗೆ, ವಲಸೆ, ರೈತರ ಮೇಲಿನ ಪರಿಸರ ನಿಯಮ, ಸರ್ಕಾರದ ಮೇಲಿನ ಬೇಸರ, ಎಲ್ಲವೂ ಒಂದೇ ಮತಗಟ್ಟೆಗೆ ಬಂದವು. ಬೇರೆ ದೇಶಗಳಲ್ಲೂ ಇದೇ ಕತೆ. ಫ್ರಾನ್ಸಿನಲ್ಲಿ ಬಲಪಂಥೀಯ ನ್ಯಾಷನಲ್ ರ‍್ಯಾಲಿ ಶೇಕಡಾ 31ರಷ್ಟು ಮತ ತೆಗೆದುಕೊಂಡಿತು ಅಂತ ಗೊತ್ತಾದ ಜೂನ್ 9ರ ರಾತ್ರಿಯೇ ಅಧ್ಯಕ್ಷ ಮಕ್ರೋನ್ ತಮ್ಮ ದೇಶದ ಸಂಸತ್ತನ್ನು ವಿಸರ್ಜಿಸಿದರು. ಯುರೋಪಿಗೆಂದು ಹಾಕಿದ ಮತ ಪ್ಯಾರಿಸ್ಸಿನ ಸಂಸತ್ತನ್ನು ಕೆಡವಿತು.

ಗೆದ್ದು ಹೋದ ಮೇಲೆ ಮಾತ್ರ ಗುಂಪು ಬದಲು. ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ದೇಶವಾರು ಕೂರುವುದಿಲ್ಲ, ವಿಚಾರದ ಗುಂಪುಗಳಾಗಿ ಕೂರುತ್ತಾರೆ. ಡಬ್ಲಿನ್‌ನಲ್ಲಿ ಒಟ್ಟಿಗೆ ಸರ್ಕಾರ ನಡೆಸುತ್ತಿದ್ದ ಫಿನಾ ಗೇಲ್ ಮತ್ತು ಫೀನಾ ಫಾಲ್ ಅಲ್ಲಿ ಬೇರೆ ಬೇರೆ. ಫಿನಾ ಗೇಲ್ ಅತಿ ದೊಡ್ಡ ಗುಂಪಾದ ಯುರೋಪಿಯನ್ ಪೀಪಲ್ಸ್ ಪಾರ್ಟಿಯಲ್ಲಿ, ಫೀನಾ ಫಾಲ್ ರಿನ್ಯೂ ಯುರೋಪ್ ಅನ್ನುವ ಉದಾರವಾದಿ ಗುಂಪಿನಲ್ಲಿ. ಪಕ್ಷೇತರ ಫ್ಲಾನಗನ್, ಶಿನ್ ಫೇನ್ ಜೊತೆ ಎಡಪಂಥೀಯ ಗುಂಪಿಗೆ ಹೋದರು. ಇನ್ನೊಬ್ಬ ಪಕ್ಷೇತರ ಮೆಕ್‌ನಮಾರ ರಿನ್ಯೂ ಕಡೆಗೆ. 2024ರ ಜುಲೈ 18ಕ್ಕೆ, ಒಕ್ಕೂಟದ ಸರ್ಕಾರದಂತಿರುವ ಯುರೋಪಿಯನ್ ಕಮಿಷನ್‌ನ ಅಧ್ಯಕ್ಷೆಯಾಗಿ ಉರ್ಸುಲಾ ಫಾನ್ ಡೆರ್ ಲೈಯನ್ ಅವರನ್ನು ಮತ್ತೆ ಆರಿಸುವ ಮತದಾನ ಬಂತು. 360 ಬೇಕಿತ್ತು, 401 ಬಂತು. ಗಾಜಾ ವಿಷಯದಲ್ಲಿ ಅವರ ನಿಲುವು ಒಪ್ಪದ ಫೀನಾ ಫಾಲ್ ಸಂಸದರು ವಿರುದ್ಧ ಮತ ಹಾಕುವುದಾಗಿ ಹೇಳಿದ್ದರು. ಊರಲ್ಲಿ ಈ ಸಂಸದರದೇ ಪಕ್ಷ ಸರ್ಕಾರದಲ್ಲಿತ್ತು, ಆ ಸರ್ಕಾರ ಫಾನ್ ಡೆರ್ ಲೈಯನ್ ಪರ. ದೇಶದ ಸರ್ಕಾರದ ವಿಪ್ ಅಲ್ಲಿ ನಡೆಯುವುದಿಲ್ಲ.

ಈ ಪಾರ್ಲಿಮೆಂಟ್ ತಾನಾಗಿ ಕಾನೂನು ಪ್ರಸ್ತಾಪ ಮಾಡುವ ಹಾಗಿಲ್ಲ. ಪ್ರಸ್ತಾಪ ಬರುವುದು ಕಮಿಷನ್‌ನಿಂದ. ದೇಶಗಳ ಮಂತ್ರಿಗಳ ಕೌನ್ಸಿಲ್ ಮತ್ತು ಪಾರ್ಲಿಮೆಂಟ್ ಎರಡೂ ಸೇರಿ ತಿದ್ದಿ ಒಪ್ಪಬೇಕು. ಅಷ್ಟಕ್ಕೇ ಅದನ್ನು ಹಗುರವಾಗಿ ಕಾಣುವವರಿದ್ದಾರೆ. ನಿಮ್ಮ ಫೋನಿನ ಚಾರ್ಜರ್ ನೋಡಿ. ಎಲ್ಲ ಕಂಪನಿಯ ಫೋನಿಗೂ ಯುಎಸ್‌ಬಿ-ಸಿ ಒಂದೇ ಇರಬೇಕು ಅಂತ 2022ರ ಅಕ್ಟೋಬರ್‌ನಲ್ಲಿ ಈ ಪಾರ್ಲಿಮೆಂಟ್ 602 ಮತಗಳಿಂದ ಒಪ್ಪಿತು, ವಿರುದ್ಧ ಬಿದ್ದದ್ದು 13. ಮರುವರ್ಷ ಬಂದ ಐಫೋನ್ 15ರಲ್ಲಿ ಹಳೆಯ ಕಿಂಡಿ ಹೋಗಿ ಯುಎಸ್‌ಬಿ-ಸಿ ಬಂತು. ಯುರೋಪಿಗೆ ಮಾತ್ರ ಅಲ್ಲ, ಹುಬ್ಬಳ್ಳಿಯ ಮೊಬೈಲ್ ಅಂಗಡಿಗೂ.

ಡಬ್ಲಿನ್‌ನಲ್ಲಿ ಐಟಿ, ಆಸ್ಪತ್ರೆ ಕೆಲಸಗಳಲ್ಲಿರುವ ಕನ್ನಡಿಗರು ಇದರಲ್ಲಿ ಮತ ಹಾಕಬಹುದಾ? ಭಾರತದ ಪಾಸ್‌ಪೋರ್ಟ್ ಇದ್ದರೆ ಇಲ್ಲ. ಐರ್ಲೆಂಡಿನ ಪ್ರಜೆಗಳು ಮತ್ತು ಅಲ್ಲಿ ವಾಸವಿರುವ ಯುರೋಪಿಯನ್ ಒಕ್ಕೂಟದ ಬೇರೆ ದೇಶದವರಿಗೆ ಮಾತ್ರ ಈ ಹಕ್ಕು. ಅದೇ ದಿನದ ಕೌನ್ಸಿಲ್ ಚುನಾವಣೆಗೆ ಮಾತ್ರ ಅಲ್ಲಿ ವಾಸವಿರುವ 18 ತುಂಬಿದ ಯಾರು ಬೇಕಾದರೂ ಮತ ಹಾಕಬಹುದು, ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಸರಿ. ಹಾಗಾಗಿ ಒಂದೇ ಮತಗಟ್ಟೆಯಲ್ಲಿ ಪಕ್ಕದ ಮನೆಯ ಐರಿಶ್ ಅಜ್ಜನಿಗೆ ಎರಡು ಮತಪತ್ರ, ನಮ್ಮವರಿಗೆ ಒಂದು. ಅತ್ತ ಕಡೆ, ಲಂಡನ್‌ನಲ್ಲಿದ್ದ ಕನ್ನಡಿಗರಿಗೆ 2019ರ ತನಕ ಈ ಅವಕಾಶ ಇತ್ತು. ಬ್ರಿಟನ್‌ನಲ್ಲಿ ವಾಸವಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಅಲ್ಲಿಯ ಎಲ್ಲ ಚುನಾವಣೆಯಲ್ಲೂ ಮತ ಹಾಕಬಹುದು, ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಯೂ ಅದರಲ್ಲಿ ಸೇರಿತ್ತು. ಬ್ರಿಟನ್ನಿನ ಆ ಕೊನೆಯ ಯುರೋಪಿಯನ್ ಮತದಾನ ನಡೆದದ್ದು 2019ರ ಮೇ 23ಕ್ಕೆ. ಅವತ್ತೇ ಇಲ್ಲಿ ಲೋಕಸಭೆಯ ಎಣಿಕೆ. ಒಂದು ಕಣ್ಣು ಮಂಡ್ಯದ ಫಲಿತಾಂಶದ ಮೇಲೆ ಇಟ್ಟುಕೊಂಡು ಯುರೋಪಿಗೆ ಮತ ಹಾಕಲು ಸಾಧ್ಯವಿದ್ದ ದಿನ.

ಕೊನೆಗೆ ಒಂದು ಸಣ್ಣ ವಿಷಯ. ಯುರೋಪಿಯನ್ ಸಂಸದರೊಬ್ಬರು ನಡುವೆ ಬಿಟ್ಟುಹೋದರೆ ಐರ್ಲೆಂಡಿನಲ್ಲಿ ಉಪಚುನಾವಣೆ ಇಲ್ಲ. ಐದು ಸೀಟಿನ ಕ್ಷೇತ್ರದಲ್ಲಿ ಒಂದು ಸೀಟಿಗಾಗಿ ಅಷ್ಟು ಕೌಂಟಿಗಳಲ್ಲಿ ಮತ್ತೆ ಚುನಾವಣೆ ಮಾಡಿದರೆ ಪ್ರಮಾಣದ ಲೆಕ್ಕವೇ ಕೆಡುತ್ತದೆ. ಅದಕ್ಕೆ ನಾಮಪತ್ರದ ಹೊತ್ತಿನಲ್ಲೇ ಪಕ್ಷಗಳು, ಪಕ್ಷೇತರರು ಬದಲಿ ಹೆಸರುಗಳ ಪಟ್ಟಿ ಕೊಟ್ಟಿರುತ್ತಾರೆ. ಮತಗಟ್ಟೆಯ ಗೋಡೆಗೆ ಅಂಟಿಸಿದರೂ ಅದನ್ನು ಓದುವವರು ಅಪರೂಪ. 2020ರಲ್ಲಿ ಮರೀಡ್ ಮೆಗಿನಸ್ ಕಮಿಷನ್ ಸದಸ್ಯೆಯಾಗಿ ಹೋದಾಗ ಅವರ ಜಾಗಕ್ಕೆ ಕೋಲಂ ಮಾರ್ಕಿ ಬಂದದ್ದು ಇದೇ ಪಟ್ಟಿಯಿಂದ. ಅದೇ ವರ್ಷ ಶಿನ್ ಫೇನ್‌ನ ಮ್ಯಾಟ್ ಕಾರ್ತಿ ದೇಶದ ಸಂಸತ್ತಿಗೆ ಗೆದ್ದಾಗ ಕ್ರಿಸ್ ಮೆಕ್‌ಮಾನಸ್ ಬಂದರು. ಕಾರಣ, ಎರಡೂ ಸಭೆಯಲ್ಲಿ ಒಟ್ಟಿಗೆ ಕೂರುವಂತಿಲ್ಲ. 2024ರಲ್ಲಿ ಇದು ತಿರುವುಮುರುವಾಯಿತು. ಕೋವೆನ್, ಮೆಕ್‌ನಮಾರ, ಶಿನ್ ಫೇನ್‌ನ ಕ್ಯಾಥ್ಲೀನ್ ಫಂಚನ್, ಲೇಬರ್‌ನ ಏಡನ್ ಓ ರೀರ್ಡನ್, ಈ ನಾಲ್ವರೂ ಡಬ್ಲಿನ್‌ನ ಸಂಸತ್ತಿನ ಕುರ್ಚಿ ಬಿಟ್ಟು ಹೋದರು. ಆ ನಾಲ್ಕು ಕುರ್ಚಿಗಳಿಗೆ ಬದಲಿ ಪಟ್ಟಿ ಇಲ್ಲ. ನವೆಂಬರ್ 29ರ ಸಾರ್ವತ್ರಿಕ ಚುನಾವಣೆಯ ತನಕ ಅವು ಖಾಲಿಯೇ ಇದ್ದವು.